0.16 ಮಿಲಿಮೀಟರ್‌ನ ಜಾಡು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಪುಟ್ಟ ಸಿಎನ್‌ಸಿ ಯಂತ್ರಕ್ಕೆ ಬೇಕಾದ ಎಲೆಕ್ಟ್ರಾನಿಕ್ ಸಾಮಾನೆಲ್ಲ ಚೀಲಕ್ಕೆ ಬೀಳುತ್ತದೆ: ಆರ್ಡುಯಿನೊ ಬೋರ್ಡು, ಸ್ಟೆಪ್ಪರ್ ಮೋಟಾರುಗಳು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಡ್ರೈವರ್‌ಗಳು, ಪವರ್ ಸಪ್ಲೈ. ಅಲ್ಯೂಮಿನಿಯಂ ಪ್ರೊಫೈಲು, ಲೀಡ್ ಸ್ಕ್ರೂ ಸೇರಿಸಿ ಮೇಲೊಂದು ರೂಟರ್ ಕೂರಿಸಿದರೆ ಮರ ಕೆತ್ತುವ ಯಂತ್ರ ಸಿದ್ಧ. ಕಟ್ಟುವುದು ಈ ಹವ್ಯಾಸದ ಸುಲಭದ ಅರ್ಧ. ಮನೆಯ ಹೆಸರಿನ ಹಲಗೆ ಕೆತ್ತುತ್ತಿರುವಾಗ ಮೊದಲ ಸಾಲು ನೆಟ್ಟಗೆ ಬಂದು, ಎರಡನೇ ಸಾಲಿನ ನಡುವೆ ಅಕ್ಷರಗಳೆಲ್ಲ ಬಲಕ್ಕೆ ಜರುಗಿದರೆ ಉಳಿದರ್ಧ ಶುರುವಾಯಿತೆಂದು ತಿಳಿಯಬೇಕು. ವರ್ಕ್‌ಶಾಪ್ ಮಾತಿನಲ್ಲಿ ಇದು ‘ಸ್ಟೆಪ್ ಮಿಸ್’.

ತಪ್ಪಿದ್ದು ಯಂತ್ರಕ್ಕೇ ಗೊತ್ತಿರುವುದಿಲ್ಲ ಎಂಬುದೇ ಇಲ್ಲಿನ ಕಷ್ಟ. 1952ರಲ್ಲಿ ಅಮೆರಿಕದ ಎಂಐಟಿ ತೋರಿಸಿದ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರದಲ್ಲಿ, ಟೇಬಲ್ ನಿಜಕ್ಕೂ ಎಲ್ಲಿದೆ ಎಂದು ವಾಪಸು ವರದಿ ಕೊಡುವ ಏರ್ಪಾಡಿತ್ತು. ಕಾರ್ಖಾನೆಗಳ ಸರ್ವೊ ಯಂತ್ರಗಳಲ್ಲಿ ಈಗಲೂ ಇದೆ. ಮನೆಯಲ್ಲಿ ಕಟ್ಟಿದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆರ್ಡುಯಿನೊದೊಳಗೆ ಕೂತ ಜಿಆರ್‌ಬಿಎಲ್ ಎಂಬ ತಂತ್ರಾಂಶ (2009ರಲ್ಲಿ ನಾರ್ವೆಯಲ್ಲಿ ಹುಟ್ಟಿದ್ದು, ಕಾಸು ಕೇಳುವುದಿಲ್ಲ) ಇಷ್ಟು ಪಲ್ಸ್ ಕಳಿಸಿದ್ದೇನೆ, ಹಾಗಾದರೆ ಇಷ್ಟು ದೂರ ಹೋಗಿದೆ ಎಂದು ನಂಬಿ ಮುಂದಿನ ಗೆರೆಗೆ ಹೊರಡುತ್ತದೆ. ಪರದೆಯ ಮೇಲಿನ ಅಂಕಿಗಳು ಕೊನೆಯವರೆಗೂ ಸಾಚಾ. ಸಾಕ್ಷಿ ಸಿಗುವುದು ಕೆಟ್ಟುಹೋದ ಹಲಗೆಯಲ್ಲಿ ಮಾತ್ರ. ಸಿಟ್ಟಿನಲ್ಲಿ ಅದನ್ನು ಎಸೆದವರು ಪತ್ತೆದಾರಿಕೆಯನ್ನೂ ಎಸೆದಂತೆ.

ಆ ಸಾಕ್ಷಿಯನ್ನು ಓದುವುದಕ್ಕೆ ಒಂದು ಲೆಕ್ಕವಿದೆ. ಸಾಮಾನ್ಯ ಸ್ಟೆಪ್ಪರ್ ಒಂದು ಸುತ್ತಿಗೆ 200 ಸ್ಟೆಪ್ ಹಾಕುತ್ತದೆ, ಒಂದೊಂದೂ 1.8 ಡಿಗ್ರಿ. ಒಳಗಿನ ರೋಟರ್‌ಗೆ 50 ಹಲ್ಲು. ಸುರುಳಿಗಳ ಕಾಂತಕ್ಷೇತ್ರ ನಾಲ್ಕು ಸ್ಟೆಪ್‌ಗೊಮ್ಮೆ ಮೊದಲಿದ್ದ ಸ್ಥಿತಿಗೇ ಬರುತ್ತದೆ. ಹೀಗಾಗಿ ಹಿಡಿತ ತಪ್ಪಿದ ರೋಟರ್ ಎಲ್ಲೆಂದರಲ್ಲಿ ನಿಲ್ಲಲಾರದು. ನಾಲ್ಕೋ ಎಂಟೋ ಹನ್ನೆರಡೋ ಸ್ಟೆಪ್ ಜಾರಿ ಇನ್ನೊಂದು ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಸುತ್ತಿಗೆ 8 ಮಿ.ಮೀ. ಸಾಗಿಸುವ ಲೀಡ್ ಸ್ಕ್ರೂ ಇದ್ದರೆ ನಾಲ್ಕು ಸ್ಟೆಪ್ ಅಂದರೆ 0.16 ಮಿ.ಮೀ. ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿ ಇದ್ದರೆ 0.8 ಮಿ.ಮೀ. ಕೆಲಸ ಮುಗಿದ ಮೇಲೆ ಯಂತ್ರವನ್ನು ಸೊನ್ನೆಗೆ ವಾಪಸು ಕಳಿಸಿ ಡಯಲ್ ಗೇಜಿನಲ್ಲಿ ಅಳೆದಾಗ ಬಂದ ವ್ಯತ್ಯಾಸ ಇದರ ಅಪವರ್ತ್ಯವಾಗಿದ್ದರೆ ಜಾರಿದ್ದು ಮೋಟಾರೇ.

ಅಪವರ್ತ್ಯವಲ್ಲದಿದ್ದರೆ? ಆಗ ನನ್ನ ಮೊದಲ ಅನುಮಾನ ಮೋಟಾರನ್ನು ಲೀಡ್ ಸ್ಕ್ರೂಗೆ ಜೋಡಿಸುವ ಕಪ್ಲಿಂಗಿನ ಗ್ರಬ್ ಸ್ಕ್ರೂ ಮೇಲೆ. ಮೋಟಾರಿನ ಶಾಫ್ಟಿನಿಂದ ಕಪ್ಲಿಂಗಿನ ಮೇಲಕ್ಕೆ ಹಾಯುವಂತೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು ಯಂತ್ರ ಓಡಿಸಿ. ಗೆರೆ ಮುರಿದಿದ್ದರೆ ಮೋಟಾರು ನಿರಪರಾಧಿ. ಇನ್ನು ಬ್ಯಾಕ್‌ಲ್ಯಾಶ್, ಅಂದರೆ ಸ್ಕ್ರೂ–ನಟ್ಟಿನ ನಡುವಿನ ಸಡಿಲ, ಬೇರೆಯೇ ಜಾತಿ. ಅದು ದಿಕ್ಕು ಬದಲಾದಾಗಲೆಲ್ಲ ಅಷ್ಟಕ್ಕಷ್ಟೇ ಕಾಣಿಸಿಕೊಳ್ಳುತ್ತದೆ, ಬೆಳೆಯುವುದಿಲ್ಲ. ವೃತ್ತ ಮೊಟ್ಟೆಯಾದರೆ ಬ್ಯಾಕ್‌ಲ್ಯಾಶ್. ವೃತ್ತದ ತುದಿಗಳು ಕೂಡದೇ ಹೋದರೆ ಸ್ಟೆಪ್ ಮಿಸ್.

ಮೋಟಾರೇ ಜಾರಿದೆ ಎಂದು ಖಚಿತವಾದಾಗ ಹೆಚ್ಚಿನವರು ಮಾಡುವ ಕೆಲಸ, ಇನ್ನೂ ದೊಡ್ಡ ಮೋಟಾರು ತರುವುದು. ಡ್ರೈವರ್, ಪವರ್ ಸಪ್ಲೈ ಹಳೆಯವೇ ಆಗಿದ್ದರೆ ಇದು ಎಷ್ಟೋ ಸಲ ಸ್ಥಿತಿಯನ್ನು ಬಿಗಡಾಯಿಸುತ್ತದೆ. ಸ್ಟೆಪ್ಪರ್ ನಿಂತಲ್ಲಿ ಬಲಶಾಲಿ, ಓಡುವಾಗ ದುರ್ಬಲ. ಸುರುಳಿಯಲ್ಲಿ ಕರೆಂಟ್ ಏರಲು ಸಮಯ ಬೇಕು; ವೇಗ ಹೆಚ್ಚಿದಂತೆ ಆ ಸಮಯವೇ ಸಿಗುವುದಿಲ್ಲ. ದೊಡ್ಡ ಮೋಟಾರಿನಲ್ಲಿ ಸಾಮಾನ್ಯವಾಗಿ ಸುರುಳಿಯೂ ದೊಡ್ಡದು, ರೋಟರ್‌ನ ಭಾರವೂ ಹೆಚ್ಚು. ಡ್ರೈವರ್ ತಡೆಯುವುದಾದರೆ 12 ವೋಲ್ಟ್ ಸಪ್ಲೈ ತೆಗೆದು 24 ವೋಲ್ಟ್ ಹಾಕುವುದು ಅದಕ್ಕಿಂತ ಜಾಣತನ. ಅದಕ್ಕೂ ಮುಂಚೆ, ಒಂದು ಪೈಸೆ ಖರ್ಚಿಲ್ಲದ ದಾರಿ ಇದೆ: ಆ್ಯಕ್ಸಿಲರೇಶನ್ ಅರ್ಧಕ್ಕಿಳಿಸಿ ನೋಡುವುದು.

ಕನ್ನಡ ಅಕ್ಷರ ಕೆತ್ತುವವರಿಗೆ ಈ ಆ್ಯಕ್ಸಿಲರೇಶನ್ ಸಂಗತಿ ಬೇಗ ಅರ್ಥವಾಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳೇ ಹೆಚ್ಚು. ನಮ್ಮ ‘ಶ್ರೀ’ ಒಂದನ್ನೇ ತೆಗೆದುಕೊಳ್ಳಿ: ತಲೆಯ ಸುರುಳಿ, ಹೊಟ್ಟೆಯ ತಿರುವು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಎಕ್ಸ್, ವೈ ಎರಡೂ ಮೋಟಾರುಗಳು ಕ್ಷಣಕ್ಷಣಕ್ಕೂ ನಿಧಾನಿಸಿ, ನಿಂತು, ತಿರುಗಿ ಹೊರಡಬೇಕು. ಚೌಕಟ್ಟಿನ ಉದ್ದ ಗೆರೆಗಳನ್ನು ಸಲೀಸಾಗಿ ಎಳೆದ ಯಂತ್ರ ಅಕ್ಷರಕ್ಕೆ ಬಂದಾಗ ತಡಬಡಿಸುವುದು ಇದಕ್ಕೇ.

ದಿಕ್ಕು ತಿರುಗುವಲ್ಲೇ ಇನ್ನೊಂದು ಕಳ್ಳನಿದ್ದಾನೆ. ಪಲ್ಸ್ ಏರುವಾಗ ಹೆಜ್ಜೆ ಇಡಬೇಕೋ ಇಳಿಯುವಾಗಲೋ ಎಂಬ ವಿಷಯದಲ್ಲಿ ಬೋರ್ಡಿಗೂ ಡ್ರೈವರ್‌ಗೂ ಒಮ್ಮತವಿಲ್ಲದಿದ್ದರೆ, ದಿಕ್ಕು ಬದಲಾಗುವಾಗ ಒಂದು ಮೈಕ್ರೊಸ್ಟೆಪ್ (ಸ್ಟೆಪ್ಪಿನ ಒಂದು ಪಾಲು) ತಪ್ಪಿಹೋಗಬಹುದು. ಒಂದಕ್ಕೆ ಎಂಟರಂತೆ ಮೈಕ್ರೊಸ್ಟೆಪ್ ಇಟ್ಟ ಅದೇ ಲೀಡ್ ಸ್ಕ್ರೂನಲ್ಲಿ ಅದು ಕೇವಲ 0.005 ಮಿ.ಮೀ. ಆದರೆ ಸಾವಿರ ಸಲ ತಪ್ಪಿದರೆ 5 ಮಿ.ಮೀ. ಜರುಗು, ಅದೂ ಯಾವಾಗಲೂ ಒಂದೇ ಕಡೆಗೆ. ಧಡಕ್ಕನೆ ಒಂದೆಡೆ ಜಿಗಿಯದೆ ಅಕ್ಷರದಿಂದ ಅಕ್ಷರಕ್ಕೆ ಮೆಲ್ಲಗೆ ವಾಲುತ್ತ ಹೋದ ಹಲಗೆ ಕಂಡರೆ, ಸ್ಪ್ಯಾನರ್ ಕೆಳಗಿಟ್ಟು ಸೆಟ್ಟಿಂಗ್ ತೆರೆಯಬೇಕು. ಸ್ಟೆಪ್ ಪಲ್ಸನ್ನು ತಲೆಕೆಳಗು ಮಾಡುವ ಆಯ್ಕೆ ಜಿಆರ್‌ಬಿಎಲ್‌ನಲ್ಲೇ ಇದೆ.

ಮೊದಲರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಹಾದಿ ತಪ್ಪುವ ಯಂತ್ರದಲ್ಲಿ ಬಿಸಿಯನ್ನು ಹುಡುಕಬೇಕು. ಮೋಟಾರಿನದಲ್ಲ, ಸ್ಟೆಪ್ಪರ್ ಮುಟ್ಟಲಾಗದಷ್ಟು ಬಿಸಿಯಾಗುವುದು ರೋಗವೇನಲ್ಲ. ಎ4988ರಂಥ ಡ್ರೈವರ್ ಕಾದಾಗ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ತಣಿದು ಮತ್ತೆ ಎದ್ದಾಗ ನಡುವಿನ ಪಲ್ಸ್‌ಗಳು ಹೋಗಿಯೇಬಿಟ್ಟಿರುತ್ತವೆ. ಹೀಟ್‌ಸಿಂಕು, ಫ್ಯಾನು ಹಾಕಿ. ಡ್ರೈವರ್ ಮೇಲಿನ ಪುಟ್ಟ ಪಾಟ್ (ಪೊಟೆನ್ಷಿಯೋಮೀಟರ್) ತಿರುಗಿಸಿ ಕರೆಂಟ್ ಹೊಂದಿಸುವ ಮುನ್ನ ಅದರ ಬೋರ್ಡಿನ ಸೆನ್ಸ್ ರೆಸಿಸ್ಟರ್ 0.05 ಓಮಿನದೋ 0.1ರದೋ ನೋಡಿಕೊಳ್ಳಿ: ಒಂದೇ ವೋಲ್ಟೇಜಿಗೆ ಕರೆಂಟ್ ಎರಡು ಪಟ್ಟು ವ್ಯತ್ಯಾಸವಾಗುತ್ತದೆ. ಕರೆಂಟ್ ಇರುವಾಗ ಮಾತ್ರ ಮೋಟಾರಿನ ವೈರು ಕೀಳಬೇಡಿ, ಡ್ರೈವರ್ ಸತ್ತೇಹೋಗಬಹುದು.

ಝಡ್ ಅಕ್ಷದ ಸ್ವಭಾವವೇ ಬೇರೆ. ಅದು ರೂಟರ್‌ನ ಭಾರ ಹೊತ್ತು ಏರಬೇಕು, ಸೋಲುವುದೂ ಏರುವಾಗಲೇ. ಪ್ರತಿ ಸೋಲಿಗೂ ಬಿಟ್ ಮುಂದಿನ ಸಲ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕೊನೆಯ ಅಕ್ಷರ ಮೊದಲನೆಯದಕ್ಕಿಂತ ಆಳವಾಗಿದ್ದರೆ ಹಲಗೆ ಸೊಟ್ಟವಿದೆಯೇ ಎಂದೊಮ್ಮೆ ನೋಡಿ, ಆಮೇಲೆ ಝಡ್ ವೇಗ ತಗ್ಗಿಸಿ. ಚಲನೆ ನಿಂತೊಡನೆ ಮೋಟಾರಿನ ಕರೆಂಟ್ ಕಡಿಯುವ ಸೆಟ್ಟಿಂಗ್ ಒಂದು ಜಿಆರ್‌ಬಿಎಲ್‌ನಲ್ಲಿದೆ. ಅದನ್ನು 255ಕ್ಕೆ ಇಟ್ಟರೆ ಹಿಡಿತ ಸಡಿಲವಾಗುವುದಿಲ್ಲ.

ಇಷ್ಟೆಲ್ಲದರಲ್ಲಿ ಯಾವುದು ಎಂದು ತಿಳಿಯದೆ ಕೂತವರಿಗೆ ಒಂದೇ ಫೈಲನ್ನು ಮೂರು ಸಲ ಓಡಿಸುವ ಪರೀಕ್ಷೆ ಸಾಕು. ಮೊದಲು ರೂಟರ್ ಆಫ್ ಮಾಡಿ ಬರೀ ಗಾಳಿಯಲ್ಲಿ: ಇಲ್ಲೇ ತಪ್ಪಿದರೆ ಸೆಟ್ಟಿಂಗ್, ಡ್ರೈವರ್, ಇಲ್ಲವೇ ಎಲ್ಲೋ ಬಿಗಿಯಾದ ರೈಲು. ಆಮೇಲೆ ರೂಟರ್ ಆನ್ ಮಾಡಿ ಗಾಳಿಯಲ್ಲೇ: ಈಗ ಮಾತ್ರ ತಪ್ಪಿದರೆ ರೂಟರ್‌ನ ಬ್ರಷ್ಷಿನ ಕಿಡಿಗಳು ಸಿಗ್ನಲ್ ವೈರಿನಲ್ಲಿ ಹುಸಿ ಪಲ್ಸ್ ಹುಟ್ಟಿಸುತ್ತಿರಬಹುದು, ವೈರುಗಳನ್ನು ದೂರ ಸರಿಸಿ, ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ. ಕೊನೆಗೆ ಮರದಲ್ಲಿ. ಇಲ್ಲಿ ಮಾತ್ರ ತಪ್ಪಿದರೆ ಬಿಟ್ ತೆಗೆದು ನೋಡಿ: ಮೊಂಡಾಗಿರಬಹುದು, ಇಲ್ಲವೇ ತೇಗದಂಥ ಮರದಲ್ಲಿ ಒಂದೇ ಏಟಿಗೆ 3 ಮಿ.ಮೀ. ಇಳಿಸಿರಬಹುದು.