ಸರಕು ವಾಹನದ ಆವರೇಜ್ ಬಿದ್ದಾಗ: ಆಕ್ಸಿಜನ್ ಸೆನ್ಸರ್ ಮತ್ತು ಇಂಧನ ತಿದ್ದುಪಡಿಯ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ವಾಣಿಜ್ಯವು ಬಹುಮಟ್ಟಿಗೆ ಸುಣ್ಣದ ಕಲ್ಲಿನ ಮೇಲೆ ನಿಂತಿದೆ. ಸಿಮೆಂಟು ಕಾರ್ಖಾನೆಗಳು, ಹಾಸುಗಲ್ಲಿನ ಗಣಿಗಳು, ಪಾಲಿಶ್ ಘಟಕಗಳು, ಇವುಗಳೊಡನೆ ತೊಗರಿಯ ವಹಿವಾಟು ಇಲ್ಲಿನ ಆರ್ಥಿಕ ಜೀವನಾಡಿಗಳು. ದೊಡ್ಡ ಪ್ರಮಾಣದ ಸರಕು ಲಾರಿ ಹಾಗೂ ರೈಲಿನಲ್ಲಿ ಸಾಗಿದರೂ, ಅಂಗಡಿಯಿಂದ ಗಿರಾಕಿಯ ಬಾಗಿಲಿಗೆ ಸರಕು ಮುಟ್ಟಿಸುವ ಕೆಲಸವನ್ನು ಸಣ್ಣ ವಾಹನಗಳೇ ಮಾಡುತ್ತವೆ. ಇವುಗಳಲ್ಲಿ ಪೆಟ್ರೋಲ್ ಎಂಜಿನ್ನಿನವುಗಳ ಆವರೇಜ್ ಕುಸಿದರೆ ಮಾಲೀಕರಿಗಾಗುವ ನಷ್ಟವೇನು, ಅದರ ಕಾರಣವನ್ನು ಪತ್ತೆ ಹಚ್ಚುವ ಕ್ರಮವೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ. ಡೀಸೆಲ್ ಎಂಜಿನ್ನುಗಳ ವ್ಯವಸ್ಥೆಯೇ ಬೇರೆಯಾದುದರಿಂದ ಈ ಮಾತುಗಳು ಅವಕ್ಕೆ ಅನ್ವಯಿಸುವುದಿಲ್ಲ.

ಉದಾಹರಣೆಗೆ, ತಿಂಗಳಿಗೆ 2,000 ಕಿಲೋಮೀಟರ್ ಓಡುವ ವಾಹನವೊಂದು ಲೀಟರಿಗೆ 14 ಕಿಲೋಮೀಟರ್ ಕೊಡುತ್ತಿದ್ದು, ಈಗ 11ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಮೊದಲು ಸುಮಾರು 143 ಲೀಟರ್ ಸಾಕಾಗುತ್ತಿದ್ದಲ್ಲಿ ಈಗ 182 ಲೀಟರ್ ಬೇಕು. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 3,900 ರೂಪಾಯಿ, ವರ್ಷಕ್ಕೆ ಸುಮಾರು 47,000 ರೂಪಾಯಿ ಹೊಗೆಯಾಗಿ ಹೋಗುತ್ತದೆ.

ತಕ್ಕಡಿ, ಕಿರ್ದಿ ಮತ್ತು ಖಾತೆ

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಕಿಲೋಗ್ರಾಂಗೆ ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾಯುವುದು ಎಂಜಿನ್ನಿನ ಕಂಪ್ಯೂಟರ್. ಸೈಲೆನ್ಸರ್ ಕೊಳವೆಯಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಅದಕ್ಕೆ ತಕ್ಕಡಿಯಿದ್ದಂತೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಾಗಿದ್ದರೆ, ಸಾಮಾನ್ಯ ಸೆನ್ಸರ್ ಸುಮಾರು 0.1 ವೋಲ್ಟ್ ತೋರುತ್ತದೆ. ಪೆಟ್ರೋಲ್ ಹೆಚ್ಚಾಗಿದ್ದರೆ ಸುಮಾರು 0.9 ವೋಲ್ಟ್. ಬಾಷ್ ಕಂಪನಿಯ ಈ ಸಾಧನ 1976ರಲ್ಲಿ ವೋಲ್ವೋ ಕಾರುಗಳಲ್ಲಿ ಮೊದಲು ಬಳಕೆಗೆ ಬಂದಿತು.

ಸೆನ್ಸರ್ ಹೇಳಿದ್ದನ್ನು ನೋಡಿ ಕಂಪ್ಯೂಟರ್ ಕ್ಷಣಕ್ಷಣವೂ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇದು ತಾತ್ಕಾಲಿಕ ತಿದ್ದುಪಡಿ. ನಮ್ಮ ದಿನದ ಕಿರ್ದಿಯಂತೆ. ಅದೇ ತಿದ್ದುಪಡಿ ಮತ್ತೆ ಮತ್ತೆ ಬೇಕಾದರೆ ಅದನ್ನು ದೀರ್ಘಾವಧಿ ತಿದ್ದುಪಡಿಯಾಗಿ ಖಾತೆಗೆ ಏರಿಸಿಕೊಳ್ಳುತ್ತದೆ. ಎರಡನ್ನೂ ಕೂಡಿಸಿದ ಮೊತ್ತ ಶೇಕಡಾ 10ರೊಳಗೆ, ಅಧಿಕವಿರಲಿ ಋಣವಿರಲಿ, ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅಧಿಕ ಚಿಹ್ನೆ ಎಂದರೆ ಕಂಪ್ಯೂಟರ್ ಪೆಟ್ರೋಲ್ ಸೇರಿಸುತ್ತಿದೆ. ಋಣ ಚಿಹ್ನೆ ಎಂದರೆ ಕಡಿತ ಮಾಡುತ್ತಿದೆ.

ಆದರೆ ಅಧಿಕ 15 ಎಂದು ಕಂಡ ಕೂಡಲೇ ಅಷ್ಟು ಪೆಟ್ರೋಲ್ ವ್ಯರ್ಥವಾಗುತ್ತಿದೆ ಎಂದು ತಿಳಿಯಬಾರದು. ಸೆನ್ಸರ್ ಸತ್ಯ ಹೇಳುತ್ತಿದ್ದರೆ ಕಂಪ್ಯೂಟರ್ ನಿಜವಾದ ಕೊರತೆಯನ್ನು ತುಂಬುತ್ತಿದೆ ಎಂದೇ ಅರ್ಥ. ನಷ್ಟವಾಗುವುದು ತಕ್ಕಡಿಯೇ ಸುಳ್ಳಾದಾಗ. ಸೆನ್ಸರಿಗಿಂತ ಮುಂಚೆ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳನುಗ್ಗಿ, ಸೆನ್ಸರ್ ಪೆಟ್ರೋಲ್ ಕಡಿಮೆಯೆಂದು ವರದಿ ಮಾಡುತ್ತದೆ. ಪ್ರಾಮಾಣಿಕ ಮುನೀಮನು ಸುಳ್ಳು ತೂಕ ನಂಬಿ ಬರೆದಂತೆ ಕಂಪ್ಯೂಟರ್ ಬೇಡದ ಪೆಟ್ರೋಲನ್ನು ಸುರಿಯುತ್ತದೆ.

ಪರೀಕ್ಷೆಯ ಕ್ರಮ

ಭಾರತದಲ್ಲಿ 2013ರ ಏಪ್ರಿಲ್‌ನಿಂದ ನಾಲ್ಕು ಚಕ್ರದ ವಾಹನಗಳಿಗೆ ಎರಡನೆಯ ಹಂತದ ಸ್ವಯಂ ತಪಾಸಣಾ ವ್ಯವಸ್ಥೆ ಬಂದಿದೆ. ಸ್ಟೀರಿಂಗ್ ಕೆಳಭಾಗದಲ್ಲಿ ಸಾಮಾನ್ಯವಾಗಿ ಇರುವ 16 ಪಿನ್ನಿನ ಸಾಕೆಟ್ಟಿಗೆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಮೊಬೈಲ್ ಫೋನಿನಲ್ಲಿಯೇ ಈ ಅಂಕಿಗಳನ್ನು ನೋಡಬಹುದು. ಎಂಜಿನ್ ಪೂರ್ಣ ಬಿಸಿಯಾದ ಮೇಲೆ ಮೊದಲು ಐಡಲ್‌ನಲ್ಲಿ, ಆಮೇಲೆ ನಿಮಿಷಕ್ಕೆ 2,500 ಸುತ್ತಿನಲ್ಲಿ ತಿದ್ದುಪಡಿಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

ಐಡಲ್‌ನಲ್ಲಿ ಅಧಿಕ ತಿದ್ದುಪಡಿ ಇದ್ದು 2,500 ಸುತ್ತಿನಲ್ಲಿ ಇಳಿದರೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ರಬ್ಬರ್ ಪೈಪಿನಲ್ಲಿ ಗಾಳಿಯ ಸೋರಿಕೆಯಿರುವ ಸಂಭವ ಹೆಚ್ಚು. ಭಾರ ಹೊತ್ತು ಓಡುವಾಗ ಅಧಿಕವಾಗುತ್ತ ಹೋದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ದುರ್ಬಲವಾಗಿರಬಹುದು. ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವ ವಾಹನಗಳಲ್ಲಿ ಅದರ ಮೇಲೆ ಧೂಳು ಕೂತಿರಬಹುದು. ಋಣ ತಿದ್ದುಪಡಿ ಕಂಡರೆ ಸೋರುವ ಇಂಜೆಕ್ಟರ್, ಹೆಚ್ಚಿದ ಪೆಟ್ರೋಲ್ ಒತ್ತಡ ಅಥವಾ ತೆರೆದೇ ನಿಂತ ಪರ್ಜ್ ವಾಲ್ವನ್ನು ಪರಿಶೀಲಿಸಬೇಕು.

ಅದೇ ವೇಳೆ ಮುಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟ್ ಬೇಗ ಬೇಗ ಮೇಲೆ ಕೆಳಗೆ ಆಡುತ್ತಿರಬೇಕು. ಒಂದೇ ಕಡೆ ನಿಂತಿದ್ದರೆ ಅಥವಾ ಮಂದವಾಗಿ ಚಲಿಸುತ್ತಿದ್ದರೆ ಮೊದಲು ವೈರು, ಕನೆಕ್ಟರ್ ಮತ್ತು ಹೀಟರ್ ಸುರುಳಿಯನ್ನು ನೋಡಿ, ಅನಂತರವೇ ಸೆನ್ಸರನ್ನು ದೋಷಿಯೆನ್ನಬೇಕು. ಕೆಲವು ಹೊಸ ವಾಹನಗಳಲ್ಲಿ ಬೇರೆ ಬಗೆಯ ಸೆನ್ಸರ್ ಇರುವುದರಿಂದ ಅಲ್ಲಿ ಈ ವೋಲ್ಟಿನ ಲೆಕ್ಕ ಸಲ್ಲದು.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಪಿ 0171 ಎಂಬ ಕೋಡ್ ಬಂದ ಕೂಡಲೇ ಕೆಲವು ಸಾವಿರ ರೂಪಾಯಿಯ ಸೆನ್ಸರ್ ಬದಲಿಸಲಾಗುತ್ತದೆ. ಆ ಕೋಡ್ ಹೇಳುವುದು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದಷ್ಟೇ. ಪಿ 0172 ಹೇಳುವುದು ಹೆಚ್ಚು ಎಂದಷ್ಟೇ. ದೂರು ತಂದವನನ್ನೇ ಅಪರಾಧಿಯೆಂದು ಹಿಡಿದಂತಾಗಬಾರದು. ಪಿ 0135 ಬಂದರೆ ಮಾತ್ರ ಅದು ಸೆನ್ಸರಿನ ಹೀಟರ್ ಸರ್ಕೀಟಿಗೆ ನೇರವಾಗಿ ಸಂಬಂಧಿಸಿದ್ದು.

ನಮ್ಮ ಧೂಳು, ಇಂದಿನ ಪೆಟ್ರೋಲ್

ಏರ್ ಫಿಲ್ಟರ್ ಕಟ್ಟಿಕೊಂಡರೆ ಆವರೇಜ್ ಬೀಳುತ್ತದೆಂಬುದು ಕಾರ್ಬ್ಯುರೇಟರ್ ಕಾಲದ ಮಾತು. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗಾಳಿ ಕಡಿಮೆಯಾದರೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಮುಖ್ಯವಾಗಿ ಕುಗ್ಗುವುದು ಎಳೆಯುವ ಶಕ್ತಿ. ಆದರೂ ಸಿಮೆಂಟು ಹಾಗೂ ಕಲ್ಲಿನ ಧೂಳಿನ ನಮ್ಮ ಭಾಗದಲ್ಲಿ ಫಿಲ್ಟರ್ ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ಧೂಳು ಒಳಸೇರಿ ಸಿಲಿಂಡರ್ ಸವೆದು, ಎಂಜಿನ್ ಆಯಿಲ್ ಸುಡಲಾರಂಭಿಸುತ್ತದೆ. ಆ ಆಯಿಲಿನ ಮಸಿಯೇ ಕೊನೆಗೆ ಸೆನ್ಸರನ್ನು ಕೆಡಿಸುತ್ತದೆ. ಗ್ಯಾಸ್ಕೆಟ್ಟಿಗೆ ಸೆನ್ಸರಿಗೆ ಹಾನಿಯಾಗದ ಪೇಸ್ಟನ್ನೇ ಬಳಸಬೇಕು. ಸಾಮಾನ್ಯ ಸಿಲಿಕೋನ್ ಪೇಸ್ಟಿನ ಆವಿಯೂ ಅದಕ್ಕೆ ವಿಷ.

ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಥೆನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ವಾಹನದ ತಿದ್ದುಪಡಿ ಸ್ವಲ್ಪ ಅಧಿಕದತ್ತ ಸರಿಯುವುದು ಸಹಜ. 2021ರ ನೀತಿ ಆಯೋಗದ ವರದಿಯ ಅಂದಾಜಿನಂತೆ, ಶುದ್ಧ ಪೆಟ್ರೋಲಿಗೆ ರೂಪಿಸಿ ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಆವರೇಜ್ ಶೇಕಡಾ 6ರಿಂದ 7ರಷ್ಟು ಇಳಿಯಬಹುದು. ಆದ್ದರಿಂದ 14ರಿಂದ 13ಕ್ಕೆ ಇಳಿದರೆ ಇಂಧನದ ಗುಣವಿರಬಹುದು. 11ಕ್ಕೆ ಇಳಿದರೆ ದೋಷವನ್ನು ಹುಡುಕಲೇಬೇಕು. ತಿದ್ದುಪಡಿ, ಸೆನ್ಸರ್ ಎರಡೂ ಸರಿಯಿದ್ದರೆ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಜಾರುವ ಕ್ಲಚ್, ಎಂಜಿನ್ ಬಿಸಿಯಾಗಲು ಬಿಡದ ಥರ್ಮೋಸ್ಟಾಟ್ ಹಾಗೂ ಹೆಚ್ಚುವರಿ ಭಾರದತ್ತ ಗಮನ ಹರಿಸುವುದು ಸೂಕ್ತ.

ಪ್ರತಿ ವಾಹನಕ್ಕೂ ಒಂದು ಪುಸ್ತಕವಿಟ್ಟು, ಟ್ಯಾಂಕ್ ತುಂಬಿಸಿದ ದಿನ, ಲೀಟರ್, ಕಿಲೋಮೀಟರ್ ಬರೆಯುವುದು, ತಿಂಗಳಿಗೊಮ್ಮೆ ಐಡಲ್ ಮತ್ತು 2,500 ಸುತ್ತಿನ ತಿದ್ದುಪಡಿ ದಾಖಲಿಸುವುದು ಕಷ್ಟದ ಕೆಲಸವಲ್ಲ. ಪೈಸೆ ಪೈಸೆಗೂ ಖಾತೆ ಇಡುವ ವ್ಯಾಪಾರಸ್ಥ ಬಾಂಧವರು ಎಂಜಿನ್ ಬರೆದಿಟ್ಟ ಖಾತೆಯನ್ನೂ ತೆರೆದು ಓದಿದಲ್ಲಿ, ಬಿಡಿಭಾಗಕ್ಕೆ ಹಣ ಸುರಿಯುವ ಮೊದಲೇ ಸೋರಿಕೆಯ ಸ್ಥಳ ತಿಳಿದೀತು.