ಸದ್ದನ್ನು ಆಲಿಸಿ ಅಕ್ಷರವನ್ನು ಉಳಿಸುವವರು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಗಣಕಯಂತ್ರದ ಬಿಡಿಭಾಗಗಳನ್ನು ಕೊಳ್ಳಲು ಬರುವ ಜನಸಂದಣಿಯ ನಡುವೆ, ಕೊಳ್ಳುವ ಉದ್ದೇಶವೇನೂ ಇಲ್ಲದೆ, ಟವೆಲಿನಲ್ಲಿ ಸುತ್ತಿದ ಸಣ್ಣದೊಂದು ಲೋಹದ ಪೆಟ್ಟಿಗೆಯನ್ನು ಜೋಪಾನವಾಗಿ ಹಿಡಿದುಕೊಂಡು ಮಹಡಿಯ ಮೆಟ್ಟಿಲುಗಳನ್ನು ಹತ್ತುವವರೂ ಕೆಲವರು ಇರುತ್ತಾರೆ. ಅವರ ಕೈಯಲ್ಲಿರುವುದು ಕೆಟ್ಟುಹೋದ ಹಾರ್ಡ್ ಡಿಸ್ಕ್. ಆ ಪೆಟ್ಟಿಗೆಯ ಬೆಲೆ ದೊಡ್ಡದಲ್ಲ. ಹೊಸತು ಕೆಳಗಿನ ಅಂಗಡಿಯಲ್ಲಿಯೇ ದೊರೆಯುತ್ತದೆ. ಆದರೆ ಅದರೊಳಗೆ ಸಿಲುಕಿರುವ ಲೆಕ್ಕಪತ್ರ, ಮದುವೆಯ ಚಿತ್ರ, ಅಚ್ಚಾಗದ ಗ್ರಂಥ ಇವು ಯಾವ ಅಂಗಡಿಯಲ್ಲಿಯೂ ದೊರೆಯತಕ್ಕವಲ್ಲ. ಅವನ್ನು ಹೊರತೆಗೆದುಕೊಡುವ ವಿದ್ಯೆಗೆ ಪೇಟೆಯವರು ‘ಡೇಟಾ ರಿಕವರಿ’ ಎನ್ನುತ್ತಾರೆ.

ನಾನು ಅಲ್ಲಿಗೆ ಹೋದದ್ದು ಒಬ್ಬ ಹಿರಿಯರನ್ನು ಕಾಣುವುದಕ್ಕಾಗಿ. ಅಕ್ಕಪಕ್ಕದ ಹುಡುಗರೆಲ್ಲ ಅವರನ್ನು ‘ಮೇಷ್ಟ್ರು’ ಎಂದೇ ಕರೆಯುತ್ತಾರೆ. ತಾರುಣ್ಯದಲ್ಲಿ ರೇಡಿಯೋ, ಟೇಪ್ ರೆಕಾರ್ಡರುಗಳನ್ನು ದುರಸ್ತಿ ಮಾಡುತ್ತಿದ್ದ ಇವರಿಗೆ ಆ ಕಾಲದಲ್ಲಿ ಪಳಗಿದ ಕಿವಿಯೇ ಇಂದಿಗೂ ಮುಖ್ಯ ಉಪಕರಣ. ಡಿಸ್ಕನ್ನು ಕೈಗೆ ತೆಗೆದುಕೊಂಡವರು ಮೊದಲು ಅದನ್ನು ಮೂಸಿ ನೋಡುತ್ತಾರೆ: ತಪ್ಪು ಅಡಾಪ್ಟರ್ ಚುಚ್ಚಿ ಬೋರ್ಡ್ ಸುಟ್ಟಿದ್ದರೆ ಆ ವಾಸನೆ ಬಹುಕಾಲ ಉಳಿದಿರುತ್ತದೆಯಂತೆ. ಅನಂತರ ತಿರುಗಿಸಿ, ಸ್ಕ್ರೂಗಳ ತಲೆ ಸವೆದಿದೆಯೇ, ಯಾರಾದರೂ ಮೊದಲೇ ಬಿಚ್ಚಿದ್ದಾರೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ, ಒಂದೇ ಒಂದು ಬಾರಿ, ಎರಡು ಬೆರಳುಗಳನ್ನು ಅದರ ಮೈಮೇಲಿಟ್ಟು, ಫ್ಯಾನನ್ನು ಆರಿಸಿ, ಕಣ್ಮುಚ್ಚಿಕೊಂಡು ವಿದ್ಯುತ್ತನ್ನು ಕೊಡುತ್ತಾರೆ.

ಆ ಕೆಲವು ಕ್ಷಣಗಳಲ್ಲಿ ಅವರಿಗೆ ತಿಳಿಯುವಷ್ಟು ವಿಷಯವು ನಮಗೆ ಪುಟಗಟ್ಟಲೆ ಓದಿದರೂ ತಿಳಿಯಲಾರದು. ಸದ್ದೇ ಇಲ್ಲದಿದ್ದರೆ ದೋಷವು ಬಹುಶಃ ಬೋರ್ಡಿನದು. ತಿರುಗಲಾರದೆ ಸಣ್ಣಗೆ ಕುಂಯ್ಗುಟ್ಟಿದರೆ, ಮಾಹಿತಿಯನ್ನು ಓದುವ ಹೆಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗೆ ಅಂಟಿಕೊಂಡಿದೆ ಅಥವಾ ಮೋಟರು ಬಿಗಿದಿದೆ. ತಿರುಗಿ, ಟಕ್ ಟಕ್ ಎಂದು ಒಂದೇ ಲಯದಲ್ಲಿ ಬಡಿಯತೊಡಗಿದರೆ, ತಟ್ಟೆಯ ಮೇಲಿನ ಗುರುತುಗಳನ್ನು ಓದಲಾರದ ಹೆಡ್ ದಾರಿ ಕಾಣದೆ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಿದೆ. ಕೆರೆದ ಸದ್ದು ಕೇಳಿತೋ, ಅವರ ಕೈ ತತ್‌ಕ್ಷಣವೇ ಸ್ವಿಚ್ಚಿಗೆ ಹೋಗುತ್ತದೆ; ಏಕೆಂದರೆ ಆಗ ಉದುರುತ್ತಿರುವುದು ಮಾಹಿತಿಯನ್ನು ಹೊತ್ತ ಕಾಂತೀಯ ಲೇಪನವೇ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗೂ ಅದರ ಮೇಲೆ ತೇಲುವ ಹೆಡ್ಡಿಗೂ ನಡುವಣ ಅಂತರ ತಲೆಗೂದಲಿನ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲಷ್ಟೆ. ಒಂದು ಧೂಳಿನ ಕಣಕ್ಕೂ ಅಲ್ಲಿ ಎಡೆಯಿಲ್ಲ.

ಈ ಯಂತ್ರದ ಪೂರ್ವಚರಿತ್ರೆಯನ್ನು ಮೇಷ್ಟ್ರು ಎರಡೇ ಮಾತಿನಲ್ಲಿ ಮುಗಿಸಿದರು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಟನ್ನಿಗೂ ಮಿಕ್ಕಿ ತೂಗುತ್ತಿದ್ದ ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಅವರ ಗೌರವವೆಲ್ಲ ಮತ್ತೊಂದು ಘಟನೆಗೆ ಮೀಸಲು. 2003ರಲ್ಲಿ, ನಮ್ಮ ಕರ್ನಾಲಿನ ಕಲ್ಪನಾ ಚಾವ್ಲಾ ಅವರೂ ಇದ್ದ ಕೊಲಂಬಿಯಾ ನೌಕೆ ಆಕಾಶದಲ್ಲಿಯೇ ಒಡೆದು ಬಿದ್ದಾಗ, ಅವಶೇಷಗಳ ನಡುವೆ ಸುಟ್ಟು ಕರಕಾದ ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಅಮೆರಿಕದ ತಜ್ಞರು ಅದರ ತಟ್ಟೆಗಳನ್ನು ತೊಳೆದು, ಹೊಸ ಪೆಟ್ಟಿಗೆಗೆ ಕೂರಿಸಿ, ಕ್ಸೆನಾನ್ ಅನಿಲದ ಮೇಲೆ ಬಾಹ್ಯಾಕಾಶದಲ್ಲಿ ನಡೆದಿದ್ದ ಪ್ರಯೋಗದ ಮಾಹಿತಿಯಲ್ಲಿ ನೂರಕ್ಕೆ 99ರಷ್ಟನ್ನು ಹೊರತೆಗೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ನಾನು ಅಲ್ಲಿ ಕುಳಿತಿದ್ದಾಗಲೇ ಚಾಮರಾಜಪೇಟೆಯ ಮುದ್ರಣಾಲಯದ ಮಾಲಿಕರೊಬ್ಬರು ಬಂದರು. ಹಲವು ವರ್ಷ ಡಿಟಿಪಿ ಮಾಡಿದ ಪುಸ್ತಕಗಳೆಲ್ಲ ಅವರ ಡಿಸ್ಕಿನಲ್ಲಿದ್ದುವು. ಎಷ್ಟೋ ಪುಸ್ತಕಗಳ ಅಚ್ಚಿನ ಪ್ರತಿಗಳೂ ಮುಗಿದುಹೋಗಿದ್ದುವು.

“ಇದನ್ನು ಎಷ್ಟು ಸಲ ಆನ್ ಮಾಡಿದಿರಿ, ಸ್ವಾಮಿ?”

“ಬೆಳಗ್ಗೆಯಿಂದ ಹಾಕಿ ಹಾಕಿ ನೋಡ್ತಾನೇ ಇದ್ದೀನಿ, ಮೇಷ್ಟ್ರೆ. ರಾತ್ರಿ ಫ್ರಿಜ್ಜಿನಲ್ಲೂ ಇಟ್ಟಿದ್ದೆ. ಯಾರೋ ಹೇಳಿದರು.”

ಮೇಷ್ಟ್ರು ಗದರಲಿಲ್ಲ. ತಣ್ಣಗಾದ ತಟ್ಟೆಗೆ ಗಾಳಿಯ ತೇವ ಕಟ್ಟಿದರೆ ಹೆಡ್ ಉಳಿಯುವುದಿಲ್ಲವೆಂದು ಮೆಲ್ಲಗೆ ತಿಳಿಸಿ, ಒಂದು ದಿನ ಒಣಗಲು ಬಿಟ್ಟರು.

ಅದೃಷ್ಟವಶಾತ್ ಹೆಡ್ ಪೂರ್ತಿ ಹೋಗಿರಲಿಲ್ಲ. ಹೋಗಿದ್ದರೆ ಅದೇ ಮಾದರಿಯ ಇನ್ನೊಂದು ಡಿಸ್ಕನ್ನು ‘ಡೋನರ್’ ಆಗಿ ತಂದು, ಧೂಳಿಲ್ಲದ ಕೋಣೆಯಲ್ಲಿ ಹೆಡ್ಡುಗಳನ್ನು ಬದಲಾಯಿಸಬೇಕಾಗುತ್ತಿತ್ತು. ಬೋರ್ಡ್ ಬದಲಾವಣೆಯೂ ಜನ ಭಾವಿಸುವಷ್ಟು ಸುಲಭವಲ್ಲ. ಪ್ರತಿ ಡಿಸ್ಕಿನ ಹೊಂದಾಣಿಕೆಯ ವಿವರಗಳು ಬೋರ್ಡಿನ ಸಣ್ಣ ಚಿಪ್ಪೊಂದರಲ್ಲಿ ಇರುವುದರಿಂದ ಅದನ್ನೂ ಬಿಚ್ಚಿ ಹೊಸ ಬೋರ್ಡಿಗೆ ಬೆಸೆಯಬೇಕು. ಮಾಲಿಕರ ಡಿಸ್ಕಿಗೆ ಬೇಕಾದದ್ದು ತಾಳ್ಮೆ ಮಾತ್ರ. ಮೂಲ ಡಿಸ್ಕಿಗೆ ಒಂದಕ್ಷರವನ್ನೂ ಬರೆಯದೆ, ಅದರ ಸೆಕ್ಟರುಗಳನ್ನು ಒಂದೊಂದಾಗಿ ಬೇರೆ ಡಿಸ್ಕಿಗೆ ನಕಲಿಸುವ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶವು, ಸುಲಭವಾಗಿ ಓದಲು ಸಿಕ್ಕುವ ಭಾಗವನ್ನು ಮೊದಲು ಮುಗಿಸಿ, ಕಷ್ಟದ ಜಾಗವನ್ನು ಗುರುತಿಟ್ಟು ಹಾರಿ, ಕೊನೆಗೆ ಮಾತ್ರ ಅಲ್ಲಿಗೆ ಮರಳುತ್ತದೆ. ಸಾಯುತ್ತಿರುವ ಹೆಡ್ಡಿನ ಆಯುಷ್ಯವನ್ನು ಎಲ್ಲಿ ವ್ಯಯ ಮಾಡಬೇಕೆಂಬ ಈ ವಿವೇಚನೆಯೇ ಈ ವಿದ್ಯೆಯ ತಿರುಳೆಂದು ನನಗೆ ತೋರುತ್ತದೆ.

ಕಡತಗಳ ಪಟ್ಟಿಯೇ ನಾಶವಾಗಿದ್ದುದರಿಂದ, ‘ಫೋಟೊರೆಕ್’ ತಂತ್ರಾಂಶವು ನಕಲಿನೊಳಗೆ ಒಂದೊಂದು ಬಗೆಯ ಕಡತದ ಆರಂಭದ ಗುರುತನ್ನು ಅರಸಿ ಹೆಕ್ಕಿಕೊಟ್ಟ ಕಡತಗಳಿಗೆ ಹೆಸರಿರಲಿಲ್ಲ, ಅಂಕಿಗಳಿದ್ದುವು. ತೆರೆದರೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಾಲಿಕರ ಮುಖ ಬಾಡಿತು. ಮೇಷ್ಟ್ರು ಅದನ್ನೆಲ್ಲ ಆಯ್ದು, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯ ಹಳೆಯ ಅಕ್ಷರಶೈಲಿಯನ್ನು ಹಾಕಿದೊಡನೆಯೇ ಆ ರಾಶಿಯೆಲ್ಲವೂ ಕನ್ನಡವಾಗಿ ನಿಂತಿತು. ಮಾಲಿಕರು ಗಟ್ಟಿಯಾಗಿ ಓದತೊಡಗಿದರು. ಎಲ್ಲವೂ ಬಂತೆಂದಲ್ಲ, ಒಂದು ಪುಸ್ತಕದ ಕೊನೆಯ ಅಧ್ಯಾಯಗಳು ಬರಲೇ ಇಲ್ಲ.

ಮೇಷ್ಟ್ರ ಕೈಕೆಳಗೆ ಈಗ ಕಲಿಯುವವರಿಲ್ಲ. ಹುಡುಗರು ಮೊಬೈಲ್ ರಿಪೇರಿಗೆ ಹೋಗುತ್ತಾರೆ. ಅದರಲ್ಲಿ ಅಂದಿನ ದುಡ್ಡು ಅಂದೇ ಕೈಸೇರುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಹೆಡ್ಡಿಲ್ಲ, ಆದ್ದರಿಂದ ಆಲಿಸತಕ್ಕ ಸದ್ದೂ ಇಲ್ಲ. ಅಳಿಸಿದ ಕಡತಗಳ ಜಾಗವನ್ನು ಅದು ತಾನಾಗಿಯೇ ಬರಿದು ಮಾಡಿಕೊಳ್ಳುವುದರಿಂದ ಹುಡುಕಲು ಉಳಿಯುವುದೂ ಸ್ವಲ್ಪವೇ. ಆದರೂ ನಮ್ಮ ಮುದ್ರಣಾಲಯಗಳಲ್ಲಿ, ಸ್ಟುಡಿಯೋಗಳಲ್ಲಿ, ಸಂಘಸಂಸ್ಥೆಗಳ ಬೀರುಗಳಲ್ಲಿ ಹಳೆಯ ಡಿಸ್ಕುಗಳು ಅಸಂಖ್ಯವಾಗಿ ಬಿದ್ದಿವೆ. ಕನ್ನಡದ ಒಂದು ತಲೆಮಾರಿನ ಬರಹ ಅವುಗಳೊಳಗಿದೆ. ನಮ್ಮ ಐಟಿಐಗಳೂ ಪಾಲಿಟೆಕ್ನಿಕ್ಕುಗಳೂ ಇಂಥವರನ್ನು ಕರೆಯಿಸಿ ಈ ವಿದ್ಯೆಯನ್ನು ಹತ್ತು ಮಂದಿಗಾದರೂ ಕಲಿಸುವುದು ಅವಶ್ಯ. ಓದುಗರಲ್ಲಿಯೂ ಒಂದು ಬಿನ್ನಹವುಂಟು: ನಿಮ್ಮ ಬೀರುವಿನಲ್ಲಿರುವ ಡಿಸ್ಕು ಇನ್ನೂ ಓದಬರುತ್ತಿರುವಾಗಲೇ ಅದರದೊಂದು ನಕಲನ್ನು ಮಾಡಿ ಬೇರೆಡೆ ಇಡಿ, ಎಂದಾದರೂ ಅದು ಟಕ್ ಟಕ್ ಎಂದರೆ, ಮತ್ತೆ ಹಾಕಿ ನೋಡದೆ, ಕೂಡಲೇ ವೈರನ್ನು ಕಿತ್ತುಬಿಡಿ.