‘ಹೊಟ್ಟೆನೋವು ಅಷ್ಟೇ ಕಣಮ್ಮ’

ಬೆಳಿಗ್ಗೆ ಆರು ಗಂಟೆ ಇರಬೇಕು. ಜಿಎನ್‌ಎಂ ಕೊನೆಯ ವರ್ಷದ ಪೋಸ್ಟಿಂಗ್. ನೈಟ್ ಡ್ಯೂಟಿ ಮುಗಿಸಿ ಹಾಸ್ಟೆಲ್‌ಗೆ ಓಡುವ ಆತುರದಲ್ಲಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರನ್ನು ಮಗ ಬೈಕಿನಲ್ಲಿ ಕೂರಿಸಿಕೊಂಡು ಬಂದ. ಕಡಲೆಕಾಯಿ ಹೊಲ ಕಾಯಲು ಹೋಗಿ ರಾತ್ರಿ ಗುಡಿಸಲಿನಲ್ಲಿ ನೆಲದ ಮೇಲೆ ಮಲಗಿದ್ದರಂತೆ. ‘ಏನೂ ಇಲ್ಲ, ಹೊಟ್ಟೆನೋವು ಅಷ್ಟೇ ಕಣಮ್ಮ. ನಿದ್ದೆ ಸಾಲ್ದು, ಕಣ್ಣು ಎಳೀತಾವೆ’ ಅಂದರು. ಗ್ಯಾಸ್ಟ್ರಿಕ್ ಎಂದು ನಾನೇ ತೀರ್ಮಾನ ಮಾಡಿ, ಬೆಂಚಿನ ಮೇಲೆ ಕೂತಿರಿ ಎಂದುಬಿಟ್ಟೆ.

ಹಿಂದೆಯೇ ಬಂದ ಸೀನಿಯರ್ ಸಿಸ್ಟರ್, ‘ಅಮ್ಮಾ, ಕಣ್ಣು ಮೇಲೆತ್ತಿ ಚಾವಣಿ ನೋಡಿ’ ಅಂದರು. ರೆಪ್ಪೆ ಏಳಲಿಲ್ಲ. ‘ಒಂದೇ ಉಸಿರಲ್ಲಿ ಒಂದು, ಎರಡು ಎಣಿಸಿ.’ ಎಂಟಕ್ಕೇ ದನಿ ನಿಂತಿತು. ಮೈಮೇಲೆ ಊತವಿಲ್ಲ, ಗಾಯ ಕಾಣುತ್ತಿಲ್ಲ. ಕಟ್ಟುಹಾವು ಕಚ್ಚಿತ್ತು.

ಪುಸ್ತಕದಲ್ಲಿ ಇದನ್ನೆಲ್ಲ ನಾನು ಓದಿದ್ದೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳಿಗೆ, ಮಂಡಲದ ಹಾವುಗಳ ವಿಷ ರಕ್ತಕ್ಕೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ನನ್ನ ತಲೆಯಲ್ಲಿ ‘ಹಾವು ಕಚ್ಚಿದೆ’ ಎಂದು ರೋಗಿಯೇ ಹೇಳುತ್ತಾರೆ ಎಂದಿತ್ತು. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಹೊಟ್ಟೆನೋವು, ವಾಂತಿ, ಭಾರವಾದ ರೆಪ್ಪೆ ಇಷ್ಟೇ ಸುಳಿವು. ಆಮೇಲೆ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ.

ಅವತ್ತು ಇನ್ನೊಂದು ತಪ್ಪನ್ನೂ ಮಾಡುವುದರಲ್ಲಿದ್ದೆ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುವ ಪರೀಕ್ಷೆ ಗೊತ್ತಲ್ಲ? ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟಿತು. ‘ಹಾಗಾದರೆ ವಿಷ ಏರಿಲ್ಲ ಸಿಸ್ಟರ್’ ಎಂದೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ರಕ್ತ ಹೆಪ್ಪುಗಟ್ಟಿದರೆ ಮಂಡಲದ ವಿಷದ ಅನುಮಾನ ಕಡಿಮೆಯಾಗುತ್ತದೆಯೇ ಹೊರತು ಕಟ್ಟುಹಾವಿನದ್ದಲ್ಲ. ಪ್ರತಿವಿಷ ಕೊಡುವ ಮುಂಚೆ ಚರ್ಮಕ್ಕೆ ಟೆಸ್ಟ್ ಡೋಸ್ ಹಾಕುವ ಪದ್ಧತಿಯೂ ಈಗಿಲ್ಲ. ಅದರ ಬದಲು ಅಡ್ರಿನಲಿನ್ ಅನ್ನು ಸಿರಿಂಜಿಗೆ ತುಂಬಿ ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕು. ಮಗುವಿಗೂ ದೊಡ್ಡವರಿಗೂ ಪ್ರತಿವಿಷದ ಪ್ರಮಾಣ ಒಂದೇ, ಯಾಕೆಂದರೆ ಹಾವು ಮೈತೂಕ ನೋಡಿ ವಿಷ ಬಿಡುವುದಿಲ್ಲ. ಇವು ಮೂರೂ ಮುಂದೆ ನಾನು ಬರೆದ ಮಾಕ್ ಟೆಸ್ಟ್‌ಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬಂದವು.

ಡಾಕ್ಟರ್ ಬಂದು ಪ್ರತಿವಿಷ ಶುರು ಮಾಡಿದರು. 108ರಲ್ಲಿ ಆಂಬು ಬ್ಯಾಗ್ ಒತ್ತುತ್ತಾ ಸಿಸ್ಟರ್ ಜೊತೆಗೇ ತುಮಕೂರಿಗೆ ಹೋದರು. ನಮ್ಮ ಕಡೆಯ ದೂರ ಗೊತ್ತಿದ್ದವರಿಗೆ ಇದರ ಅರ್ಥ ಆಗುತ್ತದೆ. ಪಾವಗಡದಿಂದ ಹೊರಟರೆ ಮಧುಗಿರಿ, ಕೊರಟಗೆರೆ ದಾಟಿ ಜಿಲ್ಲಾಸ್ಪತ್ರೆ ಸೇರಲು ಹತ್ತಿರ ಹತ್ತಿರ 100 ಕಿ.ಮೀ. ‘ಮೊದಲು ಏನು ಮಾಡುತ್ತೀರಿ?’ ಎಂಬ ಪ್ರಶ್ನೆಗೆ ‘ಉಸಿರಿನ ದಾರಿ ಕಾಪಾಡುವುದು’ ಎಂಬ ಉತ್ತರ ಆ ದಾರಿಯಲ್ಲಿ ಬರೀ ಒಂದು ಅಂಕದ್ದಲ್ಲ. ಆಕೆ ಬದುಕಿದರು.

ಅಮೆರಿಕಕ್ಕೆ ಹೋಗುವವರು ಬರೆಯುವ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಬದಲಾಗಿದೆ. ರೋಗಿಯ ಕೇಸ್ ಕೊಟ್ಟು, ಯಾವ ಸುಳಿವು ಮುಖ್ಯ, ಮೊದಲು ಏನು ಮಾಡಬೇಕು ಎಂದು ಒಂದೊಂದೇ ಹೆಜ್ಜೆಯಾಗಿ ಕೇಳುತ್ತಾರೆ. ಏಮ್ಸ್‌ನ ನಾರ್ಸೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಊಹೆಯ ಆಟ ನಡೆಯುವುದಿಲ್ಲ. ಇದಕ್ಕೆ ಬೆಂಗಳೂರಿನ ಕೋಚಿಂಗ್ ಬೇಕೇ ಬೇಕು ಎನ್ನುವ ಗೆಳತಿಯರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. (ಫೀಸ್ ಕೇಳಿದ ಮೇಲಂತೂ ಒಪ್ಪುವುದೇ ಇಲ್ಲ!)

ಯಾಕೆಂದರೆ ಪಠ್ಯದ ಅರ್ಧ ನಮ್ಮ ಊರುಗಳಲ್ಲೇ ಇದೆ. ಪಾವಗಡದ ಕಡೆ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ ಇರುವವರನ್ನು, ಬೆನ್ನು ಬಗ್ಗಿಸಲಾಗದ ಹಿರಿಯರನ್ನು ನೋಡಿದವರಿಗೆ ಫ್ಲೋರೋಸಿಸ್ ಪಾಠ ಬಾಯಿಪಾಠ ಮಾಡಬೇಕಿಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು, ಆಲಂ ಮತ್ತು ಸುಣ್ಣ ಬಳಸಿ ಅದನ್ನು ತೆಗೆಯುವ ವಿಧಾನ ‘ನಲ್ಗೊಂಡ ತಂತ್ರ’. ಸಮುದಾಯ ಆರೋಗ್ಯದ ಪೇಪರಿನ ಹಳೇ ಗಿರಾಕಿ ಇದು.

ಶಿರಾ ಕಡೆಯ ನನ್ನ ರೂಮ್‌ಮೇಟ್‌ನ ಅಪ್ಪ ಹೊಲಕ್ಕೆ ಔಷಧಿ ಹೊಡೆದು ಬಂದ ದಿನ ಬೆವರು, ಜೊಲ್ಲು ಸುರಿಸುತ್ತಾ ಕೂತಿದ್ದರಂತೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಅವಳು ಮೊದಲು ಬಟ್ಟೆ ಬಿಚ್ಚಿಸಿ ಸೋಪು ಹಾಕಿ ಮೈ ತೊಳೆಸಿ, ಆಮೇಲೆ ಆಟೋ ಹತ್ತಿಸಿದಳು. ಅಂಥವರಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಎಲ್ಲಿಯವರೆಗೆ ಕೊಡುತ್ತಾರೆ ಎಂದರೆ ಹಲವರು ‘ಪಾಪೆ ಹಿಗ್ಗುವವರೆಗೆ’ ಎಂದು ಟಿಕ್ ಹಾಕುತ್ತಾರೆ. ಮುಖ್ಯವಾಗಿ ನೋಡಬೇಕಾದದ್ದು ಎದೆಯಲ್ಲಿನ ಗೊರಗೊರ ನಿಂತು ಶ್ವಾಸಕೋಶ ತಿಳಿಯಾಯಿತೇ ಎಂದು.

2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಅಧಿಸೂಚಿಸಿದೆ. ಇನ್ನು ಅದೂ ಪ್ರಶ್ನೆಯಾಗುತ್ತದೆ, ಬರೆದಿಟ್ಟುಕೊಳ್ಳಿ.

ಈಗ ನನ್ನ ಬಳಿ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಇದೆ, ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ಓದುತ್ತಿದ್ದೇನೆ. ಮಧುಗಿರಿ ಬಸ್ಸಿನಲ್ಲಿ ರೂಮ್‌ಮೇಟ್ ಮತ್ತು ನಾನು ಕೇಸ್ ಹೇಳಿ ಪ್ರಶ್ನೆ ಕೇಳುವ ಆಟ ಆಡುತ್ತೇವೆ. ಹೊಟ್ಟೆನೋವು ಎಂದು ಬಂದವರ ಕೇಸ್ ಬಂದರೆ ಅವಳು ನಗುತ್ತಾ ಕೇಳುತ್ತಾಳೆ: ‘ಬೆಂಚಿನ ಮೇಲೆ ಕೂರಿಸ್ತೀಯೇನೇ?’ ನಾನು ಮೊದಲು ಕೇಳುವುದು, ರಾತ್ರಿ ಎಲ್ಲಿ ಮಲಗಿದ್ದರು ಎಂದು.